ಚಾಳೀಸು: ಬಿಸಿಲಿನಲ್ಲಿ ಕಾಣುವ ಒತ್ತಕ್ಷರ ಟ್ಯೂಬ್‌ಲೈಟಿನಲ್ಲಿ ಏಕೆ ಕಾಣುವುದಿಲ್ಲ?

ಕರಡು ತಿದ್ದುವವ, ಧಾರವಾಡ

ಎಲ್ಲ ಸದಸ್ಯರಿಗೂ ನಮಸ್ಕಾರ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ, ವಯಸ್ಸು ನಲವತ್ತಾರು. ಈಚೆಗೆ ಸಂಜೆಯಾಗುತ್ತಿದ್ದಂತೆ ದಕಾರದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬುದೇ ತಿಳಿಯದಂತಾಗಿದೆ. ಒತ್ತಕ್ಷರಗಳಂತೂ ಕರಿಯ ಚುಕ್ಕೆಗಳಾಗಿಬಿಡುತ್ತವೆ. ಹಾಳೆಯನ್ನು ತೋಳಿನುದ್ದಕ್ಕೆ ಚಾಚಿ ಹಿಡಿದರೆ ಅಕ್ಷರ ಸ್ಪಷ್ಟವಾಗುತ್ತದೆ, ಆದರೆ ತೀರ ಸಣ್ಣದಾಗುತ್ತದೆ. ಇದು ಚಾಳೀಸು ಎಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿ ನನಗೂ ಸಂಶಯವಿಲ್ಲ. ನನ್ನನ್ನು ಕಾಡುತ್ತಿರುವುದು ಬೇರೆಯೇ ಸಂಗತಿ. ಟ್ಯೂಬ್‌ಲೈಟಿನ ಕೆಳಗೆ ಓದಲಾಗದ ಅದೇ ಹಾಳೆಯನ್ನು ಅಂಗಳದ ಬಿಸಿಲಿಗೆ ಒಯ್ದರೆ, ಅಷ್ಟೇ ದೂರದಲ್ಲಿ ಹಿಡಿದರೂ ಸಲೀಸಾಗಿ ಓದಬಲ್ಲೆ. ಕಣ್ಣಿನ ಶಕ್ತಿಯೇ ಕುಂದಿದ್ದರೆ ಬಿಸಿಲು ಅದನ್ನು ಹೇಗೆ ತುಂಬಿಕೊಡುತ್ತದೆ? ನನಗಿಂತ ಮೂರು ವರ್ಷ ಹಿರಿಯರಾದ ಸಹೋದ್ಯೋಗಿಯೊಬ್ಬರು ಚಿಕ್ಕಂದಿನಿಂದಲೂ ಮೈನಸ್ ನಂಬರಿನ ಕನ್ನಡಕ ಧರಿಸುವವರು. ಅವರು ಅದನ್ನು ತೆಗೆದು ಮೇಜಿನ ಮೇಲಿಟ್ಟು, ಬರಿಗಣ್ಣಿನಲ್ಲಿ ಅತಿ ಸಣ್ಣ ಅಡಿಟಿಪ್ಪಣಿಯನ್ನೂ ಓದುತ್ತಾರೆ. ಅವರಿಗೆ ಚಾಳೀಸು ಬಂದೇ ಇಲ್ಲವೇ? ಕಡೆಯದಾಗಿ, ಇದು ಕಣ್ಣಿನ ಸ್ನಾಯುವಿನ ದೌರ್ಬಲ್ಯವೆಂದೂ, ಕನ್ನಡಕ ಹಾಕಿದರೆ ಕಣ್ಣು ಮತ್ತಷ್ಟು ಸೋಮಾರಿಯಾಗುತ್ತದೆಂದೂ ನೆಂಟರೊಬ್ಬರು ಎಚ್ಚರಿಸಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಭೌತಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಸರ್, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹಂಪಿಯಲ್ಲಿದೆ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯೊಂದರಲ್ಲಿ, ಕಿಂಡಿಯಿಂದ ನುಸುಳಿ ಬಂದ ಬೆಳಕು ರಾಜಗೋಪುರದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಮೂಡಿಸುವುದನ್ನು ಪ್ರವಾಸಿಗರು ನೋಡಿಯೇ ಇರುತ್ತಾರೆ. ಅಲ್ಲಿ ಯಾವ ಮಸೂರವೂ ಇಲ್ಲ. ಗೋಪುರದ ಒಂದೊಂದು ಬಿಂದುವಿನಿಂದ ಹೊರಟ ಕಿರಣಗಳಲ್ಲಿ ಒಂದು ಸಣ್ಣ ಕಂತೆ ಮಾತ್ರ ಆ ಕಿಂಡಿಯ ಮೂಲಕ ಹಾದು ಗೋಡೆಯನ್ನು ಮುಟ್ಟುವುದರಿಂದ, ಒಂದು ಬಿಂದುವಿನ ಬೆಳಕು ಇನ್ನೊಂದರ ಬೆಳಕಿನೊಡನೆ ಹೆಚ್ಚು ಬೆರೆಯದೆ ಚಿತ್ರ ಮೂಡುತ್ತದೆ. ಕಿಂಡಿಯನ್ನು ದೊಡ್ಡದು ಮಾಡಿದರೆ ಬೆಳಕು ಹೆಚ್ಚುತ್ತದೆ, ಆದರೆ ಬಿಂದುಗಳೆಲ್ಲ ಬಿಲ್ಲೆಗಳಾಗಿ ಒಂದರ ಮೇಲೊಂದು ಬಿದ್ದು ಗೋಪುರ ಕದಡಿಹೋಗುತ್ತದೆ. ಮಸೂರ ಬೇಕಾಗುವುದು ಈ ಇಕ್ಕಟ್ಟನ್ನು ಬಿಡಿಸಲು: ದೊಡ್ಡ ಕಿಂಡಿಯಿಂದ ಧಾರಾಳವಾಗಿ ಬೆಳಕನ್ನು ಒಳಗೆ ಬಿಟ್ಟುಕೊಂಡು, ಒಂದು ಬಿಂದುವಿನಿಂದ ಹೊರಟದ್ದನ್ನೆಲ್ಲ ಮತ್ತೆ ಒಂದೇ ಬಿಂದುವಿಗೆ ಸೇರಿಸುವ ಕೆಲಸ ಅದರದು.

ಕಣ್ಣಿನ ಪಾಪೆಯೇ ಆ ಕಿಂಡಿ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಅದು 4–5 ಮಿಲಿಮೀಟರ್ ತೆರೆದಿರುತ್ತದೆ, ನಡುಬಿಸಿಲಿನಲ್ಲಿ 2 ಮಿಲಿಮೀಟರಿನ ಆಸುಪಾಸಿಗೆ ಕಿರಿದಾಗುತ್ತದೆ. ನಿಮ್ಮ ಮಸೂರವು ಹತ್ತಿರದ ಅಕ್ಷರದ ಬೆಳಕನ್ನು ಸರಿಯಾಗಿ ಒಗ್ಗೂಡಿಸಲಾರದೆ ಉಳಿಸುವ ಮಬ್ಬಿನ ಬಿಲ್ಲೆಯ ಅಗಲವು ಪಾಪೆಯ ಅಗಲಕ್ಕೆ ಅನುಗುಣವಾಗಿರುತ್ತದೆ. ಪಾಪೆ ಅರ್ಧವಾದರೆ ಮಬ್ಬೂ ಅರ್ಧವಾಗುತ್ತದೆ. ಒಳಹೋಗುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆಯಾದರೂ, ಬಿಸಿಲು ಕೋಣೆಯ ಬೆಳಕಿಗಿಂತ ನೂರಾರು ಪಟ್ಟು ಪ್ರಖರವಾಗಿರುವುದರಿಂದ ಆ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಬಿಸಿಲು ನಿಮ್ಮ ಕಣ್ಣಿಗೆ ಶಕ್ತಿಯನ್ನೇನೂ ತುಂಬಿಲ್ಲ, ಶಕ್ತಿಯ ಕೊರತೆ ತೋರದಂತೆ ಕಿಂಡಿಯನ್ನು ಕಿರಿದಾಗಿಸಿದೆ. ತೋರುಬೆರಳನ್ನು ಬಿಗಿಯಾಗಿ ಸುರುಳಿ ಸುತ್ತಿ, ನಡುವೆ ಉಳಿಯುವ ಸೂಜಿಮೊನೆಯಷ್ಟು ರಂಧ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಕನ್ನಡಕವಿಲ್ಲದೆಯೇ ‘ದ’ ಮತ್ತು ‘ಧ’ ಬೇರೆಬೇರೆಯಾಗುತ್ತವೆ.

ಇನ್ನು ನಿಮ್ಮ ಸಹೋದ್ಯೋಗಿಯ ವಿಷಯ. ಅವರ ನಂಬರು ಮೈನಸ್ 2.5 ಎಂದಿಟ್ಟುಕೊಳ್ಳೋಣ. ಅದರ ಅರ್ಥ, ಯಾವ ಪ್ರಯತ್ನವೂ ಇಲ್ಲದೆ ಅವರ ಬರಿಗಣ್ಣು 40 ಸೆಂಟಿಮೀಟರ್ ದೂರಕ್ಕೆ ಹೊಂದಿಕೊಂಡೇ ಇದೆ. ಒಂದು ಮೀಟರನ್ನು 2.5ರಿಂದ ಭಾಗಿಸಿದರೆ ಬರುವ ದೂರ ಅದು. ಅವರಿಗೂ ಚಾಳೀಸು ಬಂದಿದೆ, ಆದರೆ ಅವರ ಬರಿಗಣ್ಣೇ ಓದುವ ದೂರದಲ್ಲಿ ನೆಲೆಸಿರುವುದರಿಂದ ಅದು ಅವರನ್ನು ಬಾಧಿಸುತ್ತಿಲ್ಲ. ಕನ್ನಡಕವನ್ನು ತೆಗೆಯದೆ ಓದಲು ಹೇಳಿ ನೋಡಿ, ಅವರೂ ನಿಮ್ಮಂತೆಯೇ ಹಾಳೆಯನ್ನು ಹಿಂದಕ್ಕೆ ಸರಿಸುತ್ತಾರೆ.

ತುಂಗೆಯ ಈಜುಗಾರ

ಮೇಷ್ಟ್ರೇ, ಒಂದು ಆಕ್ಷೇಪವಿದೆ. ಕಣ್ಣಿಗೆ ಮುಖ್ಯವಾದುದು ಒಳಗಿನ ಮಸೂರವೆಂದು ಶಾಲೆಯಲ್ಲಿ ಓದಿದ್ದೆವು. ಆದರೆ ನೀರಿನೊಳಗೆ ಕಣ್ಣು ತೆರೆದರೆ ಎಲ್ಲವೂ ಮಸುಕಾಗುವುದನ್ನು ಹೊಳೆಯಲ್ಲಿ ಮುಳುಗೆದ್ದವರೆಲ್ಲ ಬಲ್ಲರು. ನೀರು ಒಳಗಿನ ಮಸೂರವನ್ನು ಮುಟ್ಟುವುದೇ ಇಲ್ಲ. ಹಾಗಾದರೆ ಬೆಳಕನ್ನು ಬಾಗಿಸುವ ಕೆಲಸ ಹೆಚ್ಚಾಗಿ ಹೊರಗಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿಯೇ ನಡೆಯುತ್ತಿರಬೇಕಲ್ಲವೇ? ಚಾಳೀಸಿನ ದೋಷವನ್ನು ಮಸೂರದ ತಲೆಗೆ ಕಟ್ಟುವುದು ಯಾವ ಆಧಾರದ ಮೇಲೆ?

ಭೌತಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಆಕ್ಷೇಪದ ಮೊದಲರ್ಧ ನೂರಕ್ಕೆ ನೂರು ಸರಿ. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ, ಕನ್ನಡಕದ ನಂಬರೂ ಇದೇ). ಅದರಲ್ಲಿ 43ರಷ್ಟು ಕಾರ್ನಿಯಾದ್ದೇ. ಬೆಳಕನ್ನು ಬಾಗಿಸುವ ಗುಣವನ್ನು ಸೂಚಿಸುವ ವಕ್ರೀಭವನ ಸೂಚ್ಯಂಕ ಗಾಳಿಯದು 1, ಕಾರ್ನಿಯಾದ್ದು ಸುಮಾರು 1.38, ನೀರಿನದು 1.33. ಗಾಳಿಯಿಂದ ಕಾರ್ನಿಯಾಕ್ಕೆ ದಾಟುವಾಗ ಬೆಳಕು ಬಲವಾಗಿ ಬಾಗುತ್ತದೆ. ನೀರಿನಿಂದ ದಾಟುವಾಗ ವ್ಯತ್ಯಾಸ ಅತ್ಯಲ್ಪವಾದ್ದರಿಂದ ಅದು ಬಾಗಿದರೂ ಬಾಗದಂತೆಯೇ. ಈಜುಗನ್ನಡಕ ಮಾಡುವುದು ಇಷ್ಟೇ: ಕಾರ್ನಿಯಾದ ಮುಂದೆ ಗಾಳಿಯ ಪದರವೊಂದನ್ನು ಮರಳಿ ಇರಿಸುತ್ತದೆ. ಆಗ್ನೇಯ ಏಷ್ಯಾದ ಸಮುದ್ರವಾಸಿಗಳಾದ ಮೋಕೆನ್ ಜನಾಂಗದ ಮಕ್ಕಳು ನೀರಿನಡಿಯಲ್ಲಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸೂಕ್ಷ್ಮವಾಗಿ ಕಾಣಬಲ್ಲರೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವರು ನೀರಿನೊಳಗೆ ಪಾಪೆಯನ್ನು 2 ಮಿಲಿಮೀಟರಿಗೆ ಕುಗ್ಗಿಸಿಕೊಳ್ಳುತ್ತಾರೆ. ಇಲ್ಲಿಯೂ ಕಿಂಡಿಯದೇ ಕೆಲಸ ಎಂಬುದನ್ನು ಗಮನಿಸಿ.

ಆದರೆ ಎರಡನೆಯ ಅರ್ಧವನ್ನು ಒಪ್ಪಲಾರೆ. ಕಾರ್ನಿಯಾದ ಸಾಮರ್ಥ್ಯ ದೊಡ್ಡದು, ಆದರೆ ಸ್ಥಿರವಾದುದು. ದೂರದಿಂದ ಹತ್ತಿರಕ್ಕೆ ನೋಟವನ್ನು ಹೊಂದಿಸುವ ಶಕ್ತಿ ಎಲ್ಲಿದೆ ಎಂಬ ಪ್ರಶ್ನೆಯನ್ನು ನೀವು ಹೇಳಿದ ನೀರಿನಿಂದಲೇ ಬಗೆಹರಿಸಿದವನು ಇಂಗ್ಲೆಂಡಿನ ಥಾಮಸ್ ಯಂಗ್. ಬೆಳಕು ಅಲೆಯೆಂದು ವಾದಿಸಿದ ಅದೇ ಯಂಗ್. 1801ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಆತ ವಿವರಿಸುವ ಪ್ರಯೋಗ ಹೀಗಿದೆ: ಪುಟ್ಟ ಮಸೂರವೊಂದನ್ನು ಕೂಡಿಸಿದ್ದ ಕೊಳವೆಯಲ್ಲಿ ನೀರು ತುಂಬಿ, ಕಾರ್ನಿಯಾ ಆ ನೀರಿನಲ್ಲಿ ಮುಳುಗುವಂತೆ ಕಣ್ಣಿಗೆ ಒತ್ತಿ ಹಿಡಿದ. ಕಾರ್ನಿಯಾದ ಪಾತ್ರ ಅಲ್ಲಿಗೆ ಅಳಿಸಿಹೋಯಿತು. ಹೋದ ಸಾಮರ್ಥ್ಯವನ್ನು ಕೊಳವೆಯ ಮಸೂರಗಳು ತುಂಬಿಕೊಟ್ಟವು. ಆಗಲೂ ಆತ ಹತ್ತಿರಕ್ಕೂ ದೂರಕ್ಕೂ ನೋಟವನ್ನು ಮೊದಲಿನಷ್ಟೇ ಹೊಂದಿಸಬಲ್ಲವನಾಗಿದ್ದ. ಬದಲಾಗುತ್ತಿರುವುದು ಕಾರ್ನಿಯಾ ಆಗಿದ್ದರೆ ಇದು ಸಾಧ್ಯವಿರಲಿಲ್ಲ. ಕಣ್ಣುಗುಡ್ಡೆಯೇ ಉದ್ದವಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ ಆತ ತಳ್ಳಿಹಾಕಿದ. ಉಳಿದದ್ದು ಮಸೂರ ಮಾತ್ರ. ಮಸೂರವೇ ಸ್ನಾಯುವಿನಂತೆ ಸಂಕುಚಿಸುತ್ತದೆಂದು ಯಂಗ್ ನಂಬಿದ್ದು ಮಾತ್ರ ನಿಲ್ಲಲಿಲ್ಲ. ಅದರ ಸುತ್ತಲಿನ ವ್ಯವಸ್ಥೆಯನ್ನು 1855ರಲ್ಲಿ ವಿವರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್.

ಯೋಗಾಭ್ಯಾಸಿ, ಮಂಗಳೂರು

ಮೇಷ್ಟ್ರ ವಿವರಣೆ ಸೊಗಸಾಗಿದೆ. ಆದರೂ ಆ ಮಸೂರವನ್ನು ಹಿಂಡಿ ದಪ್ಪ ಮಾಡುವುದು ಸ್ನಾಯುವೇ ತಾನೇ? ಬಳಸದ ಸ್ನಾಯು ಸೊರಗುತ್ತದೆ, ಬಳಸಿದ್ದು ಬಲಿಯುತ್ತದೆ ಎಂಬುದು ದೇಹದ ಉಳಿದ ಭಾಗಗಳಿಗೆಲ್ಲ ಅನ್ವಯಿಸುವಾಗ ಕಣ್ಣಿಗೆ ಮಾತ್ರ ಏಕೆ ಅನ್ವಯಿಸಬಾರದು? ನಾನು ಒಂದೇ ವಸ್ತುವನ್ನು ಎವೆಯಿಕ್ಕದೆ ನೋಡುವ ತ್ರಾಟಕವನ್ನೂ, ಹೆಬ್ಬೆರಳನ್ನು ಹತ್ತಿರ ತಂದು ದೂರ ಒಯ್ಯುವ ಅಭ್ಯಾಸವನ್ನೂ ಅನೇಕರಿಗೆ ಹೇಳಿಕೊಟ್ಟಿದ್ದೇನೆ. ಕಣ್ಣು ಹಗುರವಾಯಿತೆಂದು ಅವರೇ ಹೇಳಿದ್ದಾರೆ. ಕನ್ನಡಕವೆಂಬುದು ಊರುಗೋಲು, ಒಮ್ಮೆ ಹಿಡಿದರೆ ಬಿಡಲಾಗುವುದಿಲ್ಲ.

ದೃಷ್ಟಿ ಪರೀಕ್ಷಕಿ, ಮೈಸೂರು

ನಾನು ದಿನವೂ ನಂಬರು ಪರೀಕ್ಷಿಸುವ ಕೆಲಸದಲ್ಲಿರುವವಳು. ಯೋಗಾಭ್ಯಾಸಿಗಳ ಪ್ರಶ್ನೆ ನ್ಯಾಯವಾದುದು. ಏಕೆಂದರೆ ಮಸೂರವನ್ನು ಸ್ನಾಯು ಹಿಂಡುತ್ತದೆ ಎಂಬ ಊಹೆ ಬಹುತೇಕ ಎಲ್ಲರಲ್ಲಿಯೂ ಇದೆ. ನಿಜದಲ್ಲಿ ನಡೆಯುವುದು ಅದರ ವಿರುದ್ಧ. ಮಸೂರವು ಸೂಕ್ಷ್ಮವಾದ ಎಳೆಗಳಿಂದ ಸುತ್ತಲೂ ಬಿಗಿಯಲ್ಪಟ್ಟಿದೆ, ಆ ಎಳೆಗಳ ಹೊರತುದಿ ಉಂಗುರದಂತಿರುವ ಸಿಲಿಯರಿ ಸ್ನಾಯುವಿಗೆ ಅಂಟಿಕೊಂಡಿದೆ. ಸ್ನಾಯು ಸಡಿಲವಾಗಿರುವಾಗ ಉಂಗುರ ಅಗಲವಾಗಿದ್ದು, ಎಳೆಗಳು ಬಿಗಿದು ಮಸೂರ ಚಪ್ಪಟೆಯಾಗಿರುತ್ತದೆ. ಅದು ದೂರದ ನೋಟ. ಸ್ನಾಯು ಸಂಕುಚಿಸಿದಾಗ ಉಂಗುರ ಕಿರಿದಾಗಿ, ಎಳೆಗಳು ಸಡಿಲಗೊಂಡು, ಮಸೂರವು ತನ್ನ ಸ್ಥಿತಿಸ್ಥಾಪಕ ಗುಣದಿಂದ ತಾನಾಗಿಯೇ ಉಬ್ಬುತ್ತದೆ; ಅದು ಹತ್ತಿರದ ನೋಟ. ಅಂದರೆ ಸ್ನಾಯು ಮಾಡುವುದು ಬಿಗಿತವನ್ನು ತೆಗೆಯುವ ಕೆಲಸವನ್ನು ಮಾತ್ರ, ಉಬ್ಬಬೇಕಾದುದು ಮಸೂರವೇ. ಉಬ್ಬುವ ಗುಣ ಅದರಲ್ಲಿ ಉಳಿಯದಿದ್ದರೆ ಸ್ನಾಯು ಎಷ್ಟು ಬಲಿಷ್ಠವಾಗಿದ್ದರೂ ಪ್ರಯೋಜನವಿಲ್ಲ.

ಆ ಗುಣ ಏಕೆ ಹೋಗುತ್ತದೆ ಎಂಬುದು ನನಗೆ ಇಡೀ ಕಣ್ಣಿನಲ್ಲಿಯೇ ಅತ್ಯಂತ ಕುತೂಹಲಕರವಾಗಿ ಕಾಣುವ ಸಂಗತಿ. ಚರ್ಮದ ಹಳೆಯ ಕೋಶಗಳು ಉದುರಿಹೋಗುತ್ತವೆ, ರಕ್ತದ ಕೋಶಗಳು ಬದಲಾಗುತ್ತವೆ, ಆದರೆ ಮಸೂರದಿಂದ ಯಾವುದೂ ಹೊರಹೋಗುವುದಿಲ್ಲ. ಹೊಸ ನಾರುಕೋಶಗಳು ಬದುಕಿನುದ್ದಕ್ಕೂ ಹೊರಗಿನಿಂದ ಈರುಳ್ಳಿಯ ಪದರಗಳಂತೆ ಸೇರುತ್ತಲೇ ಹೋಗಿ, ಹಳೆಯವು ನಡುವಿಗೆ ಒತ್ತಲ್ಪಡುತ್ತವೆ. ಬೆಳಕಿಗೆ ಅಡ್ಡವಾಗದಂತೆ ಆ ಕೋಶಗಳು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುವುದರಿಂದ, ಒಳಗಿನ ಕ್ರಿಸ್ಟಲಿನ್ ಎಂಬ ಪ್ರೋಟೀನನ್ನು ಹೊಸದಾಗಿ ತಯಾರಿಸುವ ಸಾಮರ್ಥ್ಯವೂ ಅವುಗಳಿಗಿಲ್ಲ. ನಿಮ್ಮ ಮಸೂರದ ನಟ್ಟನಡುವಿನ ಪ್ರೋಟೀನು ನೀವು ಹುಟ್ಟುವ ಮೊದಲೇ ತಯಾರಾದದ್ದು. 2016ರಲ್ಲಿ ವಿಜ್ಞಾನಿಗಳು ಗ್ರೀನ್‌ಲ್ಯಾಂಡ್ ಶಾರ್ಕ್‌ನ ವಯಸ್ಸನ್ನು ಅಳೆದದ್ದು ಇದೇ ಆಧಾರದ ಮೇಲೆ: ಮಸೂರದ ನಡುಭಾಗದ ರೇಡಿಯೋಕಾರ್ಬನ್ ಪರೀಕ್ಷಿಸಿ, ಅತಿ ದೊಡ್ಡ ಮೀನಿಗೆ ಸುಮಾರು 392 ವರ್ಷ, 120 ವರ್ಷ ಹೆಚ್ಚುಕಡಿಮೆ ಎಂದು ಅಂದಾಜಿಸಿದರು. ಹೀಗೆ ದಶಕಗಟ್ಟಲೆ ಒತ್ತಲ್ಪಟ್ಟ ನಡುಭಾಗ ಕ್ರಮೇಣ ಗಡುಸಾಗುತ್ತದೆ. ಇದು ನಲವತ್ತಕ್ಕೆ ಒಮ್ಮೆಲೇ ಆರಂಭವಾಗುವುದೂ ಅಲ್ಲ. ಹತ್ತು ವರ್ಷದ ಮಗುವಿಗೆ ಹೊಂದಾಣಿಕೆಯ ಸಾಮರ್ಥ್ಯ ಸುಮಾರು 14 ಡಯಾಪ್ಟರ್ ಇದ್ದು, ಮೂಗಿನ ಹತ್ತಿರ ಹಿಡಿದ ಇರುವೆಯನ್ನೂ ಅದು ಸ್ಪಷ್ಟವಾಗಿ ಕಾಣಬಲ್ಲದು, ಆಗಿನಿಂದಲೇ ಇಳಿಮುಖ. ನಲವತ್ತೈದರ ಹೊತ್ತಿಗೆ 3–4 ಡಯಾಪ್ಟರ್ ಉಳಿದಿರುತ್ತದೆ. ಪುಸ್ತಕ ಹಿಡಿಯುವ ದೂರಕ್ಕೆ ಸುಮಾರು ಅಷ್ಟೇ ಬೇಕಾಗುವುದರಿಂದ ಕೊರತೆ ಆಗ ಮೊದಲ ಬಾರಿಗೆ ಅರಿವಿಗೆ ಬರುತ್ತದೆ.

ಸ್ನಾಯುವಿನ ದೋಷವಲ್ಲ ಎಂಬುದಕ್ಕೆ ಪುರಾವೆಗಳಿವೆ. ಎಂಆರ್‌ಐ ಚಿತ್ರಗಳಲ್ಲಿ ನೋಡಿದರೆ ವಯಸ್ಸಾದವರ ಸಿಲಿಯರಿ ಸ್ನಾಯು ಹತ್ತಿರದ ವಸ್ತುವನ್ನು ನೋಡಲೆತ್ನಿಸುವಾಗ ಈಗಲೂ ಚೆನ್ನಾಗಿಯೇ ಸಂಕುಚಿಸುತ್ತದೆ, ಮಸೂರ ಮಾತ್ರ ಕದಲುವುದಿಲ್ಲ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮರಣಾನಂತರ ತೆಗೆದ ಕಣ್ಣುಗಳ ಮಸೂರಗಳನ್ನು ಯಂತ್ರದಿಂದ ಸುತ್ತಲೂ ಎಳೆದು ಬಿಟ್ಟು ನೋಡಿದರು. ಕಿರಿಯರ ಮಸೂರಗಳ ನಾಭಿದೂರ ಗಣನೀಯವಾಗಿ ಬದಲಾಯಿತು. ಅರವತ್ತು ದಾಟಿದವರ ಮಸೂರಗಳಲ್ಲಿ ಎಷ್ಟು ಎಳೆದರೂ ಬದಲಾವಣೆ ಕಾಣಲಿಲ್ಲ. ಅಭ್ಯಾಸದಿಂದ ನಿಜವಾಗಿ ಸುಧಾರಿಸುವ ತೊಂದರೆಯೂ ಒಂದಿದೆ: ಹತ್ತಿರ ನೋಡುವಾಗ ಎರಡೂ ಕಣ್ಣುಗಳು ಒಳಮುಖವಾಗಿ ತಿರುಗಲು ಕಷ್ಟಪಡುವುದು. ತಾವು ಹೇಳಿಕೊಟ್ಟವರಲ್ಲಿ ಕೆಲವರಿಗೆ ಅದೇ ಇದ್ದಿರಬಹುದು. ಆದರೆ ಅದು ಚಾಳೀಸಲ್ಲ.

ಕನ್ನಡಕ ಕಣ್ಣನ್ನು ಸೋಮಾರಿ ಮಾಡುತ್ತದೆಂಬ ಮಾತನ್ನು ನಾನು ದಿನವೂ ಕೇಳುತ್ತೇನೆ. ಮೊದಲ ಕನ್ನಡಕ ಕೊಂಡ ಎರಡು ವರ್ಷಗಳಲ್ಲಿ ನಂಬರು ಏರಿದ್ದನ್ನು ಕಂಡವರು ಕನ್ನಡಕವನ್ನೇ ದೂರುತ್ತಾರೆ. ಕನ್ನಡಕ ಕೊಳ್ಳದೆ ತೋಳು ಚಾಚುತ್ತಲೇ ಉಳಿದವರಿಗೂ ಅದೇ ಅವಧಿಯಲ್ಲಿ ಅಷ್ಟೇ ಏರಿರುತ್ತದೆ, ಅಳೆಯುವವರು ಇರಲಿಲ್ಲ ಅಷ್ಟೇ. ಮುಂದೂಡುವುದರ ನಷ್ಟವನ್ನು ಅಳೆದವರೂ ಇದ್ದಾರೆ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಕೂಡಲೇ ಪಡೆದವರು ಪಡೆಯದವರಿಗಿಂತ ದಿನಕ್ಕೆ ಕೊಯ್ಯುವ ಎಲೆಯ ತೂಕದಲ್ಲಿ ಸುಮಾರು 22 ಪ್ರತಿಶತ ಅಂಕಗಳಷ್ಟು ಹೆಚ್ಚಿನ ಏರಿಕೆ ಕಂಡರು. ಅವರಲ್ಲಿ ಹೆಚ್ಚಿನವರು ಅಕ್ಷರ ಓದಬೇಕಾದವರೇ ಅಲ್ಲ.

ಯೋಗಾಭ್ಯಾಸಿ, ಮಂಗಳೂರು

ಮೇಡಂ, ಎಳೆ ಸಡಿಲವಾದಾಗ ಮಸೂರ ಉಬ್ಬುತ್ತದೆ ಎಂಬುದು ನನಗೆ ಹೊಸ ವಿಷಯ. ತ್ರಾಟಕವನ್ನು ಮನಸ್ಸಿನ ಏಕಾಗ್ರತೆಗಾಗಿ ಹೇಳಿಕೊಡುವುದನ್ನು ನಾನು ಬಿಡುವುದಿಲ್ಲ, ಆದರೆ ನಂಬರು ಇಳಿಯುತ್ತದೆಂಬ ಮಾತನ್ನು ಅದರೊಂದಿಗೆ ಸೇರಿಸುವ ಮುನ್ನ ಇದನ್ನು ಇನ್ನಷ್ಟು ಓದಿಕೊಳ್ಳುತ್ತೇನೆ.

ಇಳಕಲ್ಲಿನ ಓದುಗ

ನಮ್ಮ ಅಜ್ಜಿಗೆ ಎಪ್ಪತ್ತರ ಮೇಲಾಗಿದೆ. ಬಹುಕಾಲ ಓದುವ ಕನ್ನಡಕವಿಲ್ಲದೆ ಒಂದಕ್ಷರವೂ ಕಾಣದಿದ್ದ ಅವರು ಈಗ ಕೆಲವು ತಿಂಗಳಿಂದ ಬರಿಗಣ್ಣಿನಲ್ಲಿ ಪಂಚಾಂಗ ಓದುತ್ತಿದ್ದಾರೆ. ಮನೆಯವರಿಗೆಲ್ಲ ಸಂತೋಷ, ದೇವರು ಕಣ್ಣು ಮರಳಿ ಕೊಟ್ಟನೆಂದು ಅಜ್ಜಿಯೂ ಹರಕೆ ತೀರಿಸಿದರು. ಮಸೂರ ಗಡುಸಾದರೆ ಮರಳಿ ಮೆದುವಾಗುವುದಿಲ್ಲವೆಂದು ತಾವು ಹೇಳುತ್ತಿರುವಿರಿ. ಹಾಗಿದ್ದರೆ ಇದು ಹೇಗೆ?

ದೃಷ್ಟಿ ಪರೀಕ್ಷಕಿ, ಮೈಸೂರು

ಅಜ್ಜಿಯವರ ಹರಕೆಗೆ ಅಡ್ಡ ಬರಲು ಇಷ್ಟವಿಲ್ಲ, ಆದರೆ ಅವರನ್ನು ತಡಮಾಡದೆ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಬಹುಮಟ್ಟಿಗೆ ಇದು ಪೊರೆಯ ಆರಂಭ. ಮಸೂರದ ನಡುಭಾಗದಲ್ಲಿ ಪೊರೆ ಕಟ್ಟತೊಡಗಿದಾಗ ಅದರ ವಕ್ರೀಭವನ ಸೂಚ್ಯಂಕ ಏರಿ, ಕಣ್ಣು ತಾನಾಗಿಯೇ ಮೈನಸ್ ಕಡೆಗೆ ಜಾರುತ್ತದೆ. ಮೇಷ್ಟ್ರು ಹೇಳಿದ ಆ ಸಹೋದ್ಯೋಗಿಯ ಸ್ಥಿತಿಯೇ ಅಜ್ಜಿಯವರಿಗೆ ಈಗ ಬಂದಿದೆ. ಹತ್ತಿರದ್ದು ಕಾಣುತ್ತದೆ, ದೂರದ ನೋಟ ಮಸುಕಾಗಿರುತ್ತದೆ. ಬಾಗಿಲಲ್ಲಿ ನಿಂತವರ ಗುರುತು ಹತ್ತುತ್ತದೆಯೇ ಎಂದು ಕೇಳಿ ನೋಡಿ. ಪೊರೆ ಮುಂದುವರಿದಂತೆ ಈ ಅನುಕೂಲವೂ ಹೋಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆಯ ಏರಿಳಿತದಿಂದಲೂ ನಂಬರು ಹೀಗೆ ಸರಿದಾಡುವುದುಂಟು, ಅದನ್ನೂ ಪರೀಕ್ಷೆ ಮಾಡಿಸಿ.

ಭೌತಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಪೊರೆಯ ಮಾತು ಬಂದದ್ದರಿಂದ, ಮಸೂರವೇ ಇಲ್ಲದ ಕಣ್ಣಿನ ಬಗ್ಗೆ ಎರಡು ಮಾತು. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲದಲ್ಲಿ ಪೊರೆ ತೆಗೆಸಿಕೊಂಡವರಿಗೆ ಮಸೂರದ ಬದಲು ಕಣ್ಣಿನ ಹೊರಗೆ ಸುಮಾರು +10 ನಂಬರಿನ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಹಳೆಯ ತಲೆಮಾರಿನವರ ಮುಖದ ಮೇಲೆ ಕಣ್ಣುಗಳು ಅಗಾಧವಾಗಿ ಕಾಣುತ್ತಿದ್ದುದು ಅದರಿಂದಲೇ. ಅವರಿಗೆ ಲೋಕವೂ ಕಾಲುಭಾಗದಷ್ಟು ದೊಡ್ಡದಾಗಿ ತೋರುತ್ತಿದ್ದರಿಂದ ಲೋಟಕ್ಕೆ ಕೈಚಾಚಿದರೆ ಅಂದಾಜು ತಪ್ಪುತ್ತಿತ್ತು. ಕಣ್ಣಿನೊಳಗೇ ಕೃತಕ ಮಸೂರವನ್ನು ಮೊದಲಿಗೆ ಇರಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಯುದ್ಧವಿಮಾನದ ಮುಚ್ಚಳದ ಅಕ್ರಿಲಿಕ್ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಹೊಕ್ಕಿದ್ದರೂ ಕಣ್ಣು ಅವುಗಳನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಆದರೆ ಇಂದಿಗೂ ಸಾಮಾನ್ಯವಾಗಿ ಹಾಕುವ ಕೃತಕ ಮಸೂರ ಉಬ್ಬುವುದಿಲ್ಲ, ಒಂದೇ ದೂರಕ್ಕೆ ನಿಂತಿರುತ್ತದೆ. ಪೊರೆ ತೆಗೆಸಿಕೊಂಡ ಬಳಿಕವೂ ಓದಲು ಕನ್ನಡಕ ಬೇಕಾಗುವುದು ಏಕೆಂದು ಕೇಳುವವರಿಗೆ ಇದೇ ಉತ್ತರ.

ಕನ್ನಡಿಗ, ನ್ಯೂಜೆರ್ಸಿ

ಇಲ್ಲಿ ಚಾಳೀಸಿಗೆಂದು ಪೈಲೋಕಾರ್ಪಿನ್ ಎಂಬ ಔಷಧದ ಹನಿಗಳಿಗೆ 2021ರಲ್ಲಿ ಅನುಮತಿ ದೊರೆತಿದೆ. ಒಂದು ಹನಿ ಹಾಕಿಕೊಂಡರೆ ಕೆಲವು ಗಂಟೆ ಕನ್ನಡಕವಿಲ್ಲದೆ ಮೊಬೈಲ್ ಓದಬಹುದು ಎನ್ನುತ್ತಾರೆ. ಭಾರತದಲ್ಲಿಯೂ ಬಂದಿತ್ತೆಂದು ಕೇಳಿದ್ದೆ. ಮಸೂರವನ್ನು ಮೆದು ಮಾಡುವ ಔಷಧವೇ ಇದು?

ದೃಷ್ಟಿ ಪರೀಕ್ಷಕಿ, ಮೈಸೂರು

ಅಲ್ಲ, ಅದು ಮುಖ್ಯವಾಗಿ ಪಾಪೆಯನ್ನು ಕುಗ್ಗಿಸುತ್ತದೆ. ಮೇಷ್ಟ್ರು ಹೇಳಿದ ಹಂಪಿಯ ಕಿಂಡಿಯೇ ಸೀಸೆಯಲ್ಲಿ ಬಂದಿದೆ ಎನ್ನಿ. ಹಾಗಾಗಿ ಕಿಂಡಿಯ ಬೆಲೆಯನ್ನೂ ತೆರಬೇಕು: ಕತ್ತಲೆಯಲ್ಲಿ ನೋಟ ಮಂಕಾಗುತ್ತದೆ, ರಾತ್ರಿ ವಾಹನ ಓಡಿಸುವವರಿಗೆ ಅಪಾಯ, ಕೆಲವರಿಗೆ ತಲೆನೋವು. ಅಪರೂಪಕ್ಕೆ ಅಕ್ಷಿಪಟ ಹರಿಯುವ ಅಪಾಯವೂ ಇರುವುದರಿಂದ, ಹೆಚ್ಚು ಮೈನಸ್ ಇರುವವರು ಪರೀಕ್ಷೆ ಇಲ್ಲದೆ ಬಳಸಬಾರದು. ಭಾರತದಲ್ಲಿ 2024ರಲ್ಲಿ ಇಂಥ ಹನಿಯೊಂದಕ್ಕೆ ದೊರೆತ ಅನುಮತಿಯನ್ನು, ತಯಾರಕರು ಒಪ್ಪಿಗೆಯಿಲ್ಲದ ಪ್ರಚಾರ ಮಾಡಿದ್ದರಿಂದ ಔಷಧ ನಿಯಂತ್ರಕರು ಕೆಲವೇ ವಾರಗಳಲ್ಲಿ ತಡೆಹಿಡಿದರು.

ಕರಡು ತಿದ್ದುವವ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಬೆರಳ ಸುರುಳಿಯ ರಂಧ್ರದಿಂದ ನೋಡಿದಾಗ ಒತ್ತಕ್ಷರಗಳು ನಿಜಕ್ಕೂ ಬಿಡಿಬಿಡಿಯಾಗಿ ಕಂಡವು. ಈಗ ಕನ್ನಡಕ ಕೊಳ್ಳಲು ಮನಸ್ಸು ಮಾಡಿದ್ದೇನೆ. ಆದರೆ ನನ್ನ ಕೆಲಸ ಅರ್ಧ ಹಾಳೆಯ ಮೇಲೆ, ಇನ್ನರ್ಧ ಗಣಕದ ಪರದೆಯ ಮೇಲೆ. ಹಾಳೆ ಕಣ್ಣಿನಿಂದ 35 ಸೆಂಟಿಮೀಟರ್, ಪರದೆ 65. ಕಚೇರಿಯ ಹಿರಿಯರೊಬ್ಬರ +2ರ ಸಿದ್ಧ ಕನ್ನಡಕವನ್ನು ಹಾಕಿ ನೋಡಿದಾಗ ಹಾಳೆ ಚೆನ್ನಾಗಿ ಕಂಡಿತು, ಪರದೆ ಮೊದಲಿಗಿಂತಲೂ ಮಸುಕಾಯಿತು. ಕನ್ನಡಕದಿಂದ ಕಣ್ಣು ಕೆಡುತ್ತದೆಂಬ ಮಾತು ಹುಟ್ಟಿದ್ದು ಇಂಥದ್ದರಿಂದಲೇ ಇರಬಹುದೇ?

ದೃಷ್ಟಿ ಪರೀಕ್ಷಕಿ, ಮೈಸೂರು

ಇರಬಹುದು. +2ರ ಗಾಜು ಧರಿಸಿದಾಗ, ದೂರದ ನೋಟ ಸರಿಯಿರುವವರಿಗೆ ಸ್ಪಷ್ಟ ನೋಟದ ಗಡಿ 50 ಸೆಂಟಿಮೀಟರಿಗೆ ನಿಲ್ಲುತ್ತದೆ. ಅದರಾಚೆ ಕಣ್ಣಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಮಸೂರವನ್ನು ಇನ್ನೂ ಚಪ್ಪಟೆ ಮಾಡಲು ಸಾಧ್ಯವಿಲ್ಲವಷ್ಟೇ. ನಿಮ್ಮ ಪರದೆ ಆ ಗಡಿಯಾಚೆ ಇದೆ. ನಿಮ್ಮ ವಯಸ್ಸಿಗೆ 3.5 ಡಯಾಪ್ಟರಿನಷ್ಟು ಹೊಂದಾಣಿಕೆ ಉಳಿದಿದೆ ಎಂದುಕೊಂಡರೆ, ಅದರಲ್ಲಿ ಅರ್ಧವನ್ನು ಮಾತ್ರ ಗಂಟೆಗಟ್ಟಲೆ ಆಯಾಸವಿಲ್ಲದೆ ಬಳಸಬಹುದು. 35 ಸೆಂಟಿಮೀಟರಿನ ಹಾಳೆಗೆ ಬೇಕಾದದ್ದು ಸುಮಾರು 2.9, ಕೊರತೆ ಒಂದು ಅಥವಾ ಒಂದೂಕಾಲು. 65 ಸೆಂಟಿಮೀಟರಿನ ಪರದೆಗೆ ಬೇಕಾದದ್ದು ಸುಮಾರು 1.5, ಅದು ನಿಮ್ಮಲ್ಲಿ ಈಗಲೂ ಇದೆ. +1.25 ಧರಿಸಿದರೆ ಗಡಿ 80 ಸೆಂಟಿಮೀಟರಿಗೆ ಹೋಗುವುದರಿಂದ ಹಾಳೆ, ಪರದೆ ಎರಡೂ ಒಂದೇ ಗಾಜಿನಲ್ಲಿ ಕಾಣುತ್ತವೆ. ಎರಡು ನಂಬರಿನ ಬೈಫೋಕಲ್ ಆಗಲಿ, ನಂಬರು ಕ್ರಮೇಣ ಬದಲಾಗುವ ಪ್ರೋಗ್ರೆಸಿವ್ ಆಗಲಿ ಸದ್ಯಕ್ಕೆ ಬೇಡ. ಐವತ್ತು ದಾಟಿದ ಮೇಲೆ ಈ ಅನುಕೂಲ ಉಳಿಯುವುದಿಲ್ಲ, ಆಗ ಆ ಮಾತು. ಇದೆಲ್ಲ ಅಂದಾಜಿನ ಲೆಕ್ಕ. ಪರೀಕ್ಷೆಗೆ ಹೋಗುವಾಗ 35 ಮತ್ತು 65 ಎಂಬ ಈ ಎರಡು ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೊದಲೇ ತಿಳಿಸಿ, ಏಕೆಂದರೆ ಕೇಳದಿದ್ದರೆ ಪರೀಕ್ಷಕರು ಸಾಮಾನ್ಯವಾಗಿ ಪುಸ್ತಕದ ದೂರಕ್ಕಷ್ಟೇ ನಂಬರು ಕೊಡುತ್ತಾರೆ. ಅದೇ ಭೇಟಿಯಲ್ಲಿ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ನಲವತ್ತರ ಬಳಿಕ ಹೆಚ್ಚು, ಮತ್ತು ಅದು ಚಾಳೀಸಿನಂತೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ.